ಮುದ, ಮುರ, ಮುರಿ

ವ್ಯರ್ಥ ಎಂಬುದನ್ನು ಹೇಳಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ನೀರು ಪೋಲಾಗುತ್ತದೆ, ಹಣ ದುಂದಾಗುತ್ತದೆ, ಹೊತ್ತು ಹಾಳಾಗುತ್ತದೆ, ಪಟ್ಟ ಶ್ರಮ ದಂಡವಾಗುತ್ತದೆ. ಒಂದೊಂದು ಬಗೆಯ ನಷ್ಟಕ್ಕೂ ಒಂದೊಂದು ಪದವನ್ನು ಇಟ್ಟುಕೊಂಡಿರುವ ಜನ ಅದರ ನೋವನ್ನು ಅರಿಯದವರಲ್ಲ. ಆದರೆ ಈ ಪದಗಳು ಮನೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಹುಟ್ಟಿದವು. ಸಾವಿರಾರು ಮಂದಿ ಒಟ್ಟಿಗೆ ದುಡಿಯುವ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಯಾವುದು ಪೋಲು, ಯಾವುದು ಪೋಲಲ್ಲ ಎಂಬುದನ್ನು ಬಿಡಿಸಿ ತೋರಿಸುವ ಶಾಸ್ತ್ರವೊಂದು ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಇಂದು ಅದು ‘ಲೀನ್’ ಎಂಬ ಇಂಗ್ಲಿಷ್ ಹೆಸರನ್ನು ಹೊತ್ತು ಲೋಕವನ್ನೆಲ್ಲ ಸುತ್ತುತ್ತಿದೆ. ಕೊಬ್ಬಿಲ್ಲದ, ತೆಳ್ಳಗಿನ ಎಂಬುದು ಆ ಪದದ ಅರ್ಥ.

ನಾನು ವಾಣಿಜ್ಯಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಪಾಠ ಹೇಳಿದವನು. ಆದ್ದರಿಂದ ಈ ಶಾಸ್ತ್ರದ ಬಾಗಿಲನ್ನು ಪದಗಳ ಮೂಲಕವೇ ತೆರೆಯಲು ಯತ್ನಿಸುತ್ತೇನೆ. ಈ ಪದ್ಧತಿಯ ತವರಾದ ಟೊಯೋಟ ಮೋಟಾರು ಸಂಸ್ಥೆಯವರು ಅದನ್ನು ವಿವರಿಸುವಾಗ ಮೂರು ಜಪಾನಿ ಮಾತುಗಳನ್ನು ಬಳಸುತ್ತಾರೆ: ಮುದ, ಮುರ, ಮುರಿ. ಮುದ ಎಂದರೆ ವ್ಯರ್ಥ. ಮುರ ಎಂದರೆ ಏರುಪೇರು. ಮುರಿ ಎಂದರೆ ಮನುಷ್ಯನ ಮೇಲಾಗಲಿ ಯಂತ್ರದ ಮೇಲಾಗಲಿ ಶಕ್ತಿ ಮೀರಿ ಹೇರಿದ ಭಾರ. ನಮ್ಮ ಕಿವಿಗೆ ಇದೊಂದು ವಿನೋದ. ಕನ್ನಡದಲ್ಲಿ ಮುದವೆಂದರೆ ಸಂತೋಷ. ಅವರಿಗೆ ಅದೇ ನಷ್ಟ. ಮುರಿ ಎಂಬುದು ಮಾತ್ರ ಆಕಸ್ಮಿಕವಾಗಿ ನಮ್ಮ ಅರ್ಥದ ನೆರೆಯಲ್ಲೇ ಬಂದು ನಿಂತಿದೆ. ಅತಿಭಾರ ಹೇರಿದರೆ ಯಾವುದಾದರೂ ಮುರಿಯುವುದಷ್ಟೆ. ಈ ಮೂರೂ ಒಂದೇ ಬಳ್ಳಿಯ ಕಾಯಿಗಳು. ಲೋಕವು ಮೊದಲನೆಯದನ್ನು ಕೊಯ್ದುಕೊಂಡು ಕೊನೆಯದನ್ನು ಬಳ್ಳಿಯಲ್ಲೇ ಬಿಟ್ಟಿತು. ಈ ಶಾಸ್ತ್ರದ ಚರಿತ್ರೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇದು.

ಕಥೆ ಆರಂಭವಾಗುವುದು ಕಾರಿನಿಂದಲ್ಲ, ಮಗ್ಗದಿಂದ. ಸಕಿಚಿ ಟೊಯೊಡ ಅವರು 1867ರಲ್ಲಿ ಇಂದಿನ ಶಿಜುಒಕ ಪ್ರಾಂತದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ಹೆಂಗಸರು ಕೈಮಗ್ಗದ ಮುಂದೆ ಕುಳಿತು ದಿನವಿಡೀ ಪಡುವ ಪಾಡನ್ನು ಕಂಡು ಬೆಳೆದ ಅವರು 1891ರಲ್ಲಿ ಮರದ ಮಗ್ಗವೊಂದಕ್ಕೆ ಪೇಟೆಂಟು ಪಡೆದರು. ಅಲ್ಲಿಂದ ಮೂರು ದಶಕಗಳಿಗೂ ಮೀರಿ ನಡೆದ ಸಾಧನೆಯ ಫಲವಾಗಿ 1924ರಲ್ಲಿ ಅವರ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಲಾಳಿಯ ನೂಲು ತೀರುವ ಹೊತ್ತಿಗೆ, ಮಗ್ಗ ನಿಲ್ಲದೆಯೆ, ಹೊಸ ಲಾಳಿ ಅದರ ಸ್ಥಾನಕ್ಕೆ ಬರುತ್ತಿತ್ತು. ಎಳೆಯೊಂದು ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು.

ಈ ಎರಡನೆಯ ಗುಣದಲ್ಲಿ ಮುಂದಿನ ಶಾಸ್ತ್ರವೆಲ್ಲ ಬೀಜರೂಪದಲ್ಲಿ ಅಡಗಿದೆ. ಹಾಸಿನ ಒಂದು ಎಳೆ ಹರಿದ ಮೇಲೂ ಓಡುವ ಮಗ್ಗ ಬಟ್ಟೆಯನ್ನು ನೇಯುವುದಿಲ್ಲ, ದೋಷವನ್ನು ನೇಯುತ್ತದೆ. ಅದು ಎಲ್ಲಿ ಹರಿಯುವುದೋ ಎಂದು ಕಣ್ಣಿಟ್ಟು ಕಾಯಲು ಒಬ್ಬ ಮನುಷ್ಯ ಬೇಕಾಗುತ್ತದೆ. ಆಗ ಮನುಷ್ಯ ಯಂತ್ರದ ಕಾವಲುಗಾರನಾಗುತ್ತಾನೆ. ಯಂತ್ರ ತಾನಾಗಿ ನಿಂತು ಕರೆಯುವುದಾದರೆ ಆ ಕಾವಲಿನಿಂದ ಅವನಿಗೆ ಬಿಡುಗಡೆ. ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದು. ಈ ತತ್ತ್ವವನ್ನು ಜಪಾನೀಯರು ‘ಜಿದೋಕ’ ಎನ್ನುತ್ತಾರೆ. ಸ್ವಯಂಚಾಲನೆ ಎಂಬರ್ಥದ ಸಾಮಾನ್ಯ ಪದವೂ ಅದೇ ಉಚ್ಚಾರಣೆಯದು. ಆದರೆ ಟೊಯೋಟದವರು ಬರೆಯುವಾಗ ಅದರ ನಡುವಿನ ಚಿತ್ರಾಕ್ಷರಕ್ಕೆ ‘ಮನುಷ್ಯ’ ಎಂಬ ಚಿಹ್ನೆಯನ್ನು ಸೇರಿಸಿ ಬರೆಯುತ್ತಾರೆ. ಬರಿಯ ಚಲನೆಯೆಂಬ ಅರ್ಥವಿದ್ದ ಅಕ್ಷರ ಆ ಒಂದು ಚಿಹ್ನೆಯಿಂದ ದುಡಿಮೆ ಎಂಬ ಅರ್ಥವನ್ನು ಪಡೆಯುತ್ತದೆ. ಈ ಅಕ್ಷರವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದ ಪ್ಲಾಟ್ ಬ್ರದರ್ಸ್ ಸಂಸ್ಥೆ ಈ ಮಗ್ಗದ ಪೇಟೆಂಟು ಹಕ್ಕನ್ನು ಕೊಂಡುಕೊಂಡಿತು. ಜಗತ್ತಿಗೆಲ್ಲ ಜವಳಿಯಂತ್ರಗಳನ್ನು ಮಾರುತ್ತಿದ್ದ ಇಂಗ್ಲೆಂಡು ಜಪಾನಿನ ಬಡಗಿಯ ಮಗನಿಂದ ಮಗ್ಗದ ವಿದ್ಯೆಯನ್ನು ಕೊಂಡದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಮರುವರ್ಷ ಸಕಿಚಿ ತೀರಿಕೊಂಡರು. ಅವರ ಮಗ ಕಿಇಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೆ ಮೋಟಾರು ವಿಭಾಗವನ್ನು ತೆರೆದರು. 1937ರಲ್ಲಿ ಅದು ಟೊಯೋಟ ಮೋಟಾರು ಸಂಸ್ಥೆಯೆಂದು ಬೇರೆಯಾಯಿತು. ಬೇಕಾದ ಬಿಡಿಭಾಗ ಬೇಕಾದ ಹೊತ್ತಿಗೆ ಬರಬೇಕು, ಮೊದಲೇ ಬಂದು ರಾಶಿ ಬೀಳಬಾರದು ಎಂಬುದು ಕಿಇಚಿರೊ ಅವರ ಕಲ್ಪನೆ. ‘ಜಸ್ಟ್ ಇನ್ ಟೈಮ್’ ಎಂದು ಅದಕ್ಕೆ ಹೆಸರಿಟ್ಟವರೂ ಅವರೇ. ಆದರೆ ಯುದ್ಧ ಬಂದು ಆ ಕಲ್ಪನೆ ಕೈಗೂಡಲಿಲ್ಲ.

ಯುದ್ಧಾನಂತರದ ಜಪಾನಿನಲ್ಲಿ ಎಲ್ಲಕ್ಕೂ ಬರ. ಹಣದುಬ್ಬರವನ್ನು ಹತ್ತಿಕ್ಕಲು 1949ರಲ್ಲಿ ಕೈಗೊಂಡ ಕಠಿಣ ಆರ್ಥಿಕ ನೀತಿಯಿಂದ ಕೊಳ್ಳುವವರ ಕೈ ಬರಿದಾಯಿತು. ಟೊಯೋಟದ ಅಂಗಳದಲ್ಲಿ ಮಾರಾಟವಾಗದ ವಾಹನಗಳು ನಿಂತವು. ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತು. ಸಾಲ ಕೊಡಲು ಮುಂದಾದ ಬ್ಯಾಂಕುಗಳು ಷರತ್ತುಗಳನ್ನು ಹಾಕಿದವು. ಮಾರಾಟದ ವಿಭಾಗ ಪ್ರತ್ಯೇಕ ಸಂಸ್ಥೆಯಾಗಬೇಕು, ಮಾರಿಹೋಗುವಷ್ಟನ್ನೇ ತಯಾರಿಸಬೇಕು, ಆಳುಗಳ ಸಂಖ್ಯೆ ತಗ್ಗಬೇಕು. ಯಾರನ್ನೂ ತೆಗೆಯುವುದಿಲ್ಲವೆಂದು ಕಾರ್ಮಿಕರಿಗೆ ಕೊಟ್ಟಿದ್ದ ಮಾತು ಮುರಿಯಿತು. ಮುಷ್ಕರ ನಡೆಯಿತು. 1950ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೋದರು. ಆ ಹೊಣೆಯನ್ನು ಹೊತ್ತು ಕಿಇಚಿರೊ ತಾವೂ ಅಧ್ಯಕ್ಷ ಸ್ಥಾನದಿಂದ ಇಳಿದರು. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೈನ್ಯದಿಂದ ಟ್ರಕ್ಕುಗಳಿಗೆ ಬೇಡಿಕೆ ಬಂದಿತು, ಸಂಸ್ಥೆ ಉಳಿಯಿತು. ಮರಳಿ ಅಧ್ಯಕ್ಷರಾಗಬೇಕಾಗಿದ್ದ ಕಿಇಚಿರೊ 1952ರ ಮಾರ್ಚಿಯಲ್ಲಿ ತೀರಿಕೊಂಡರು.

ಈ ಘಟನೆಯನ್ನು ವಿವರವಾಗಿ ಹೇಳಲು ಕಾರಣವಿದೆ. ಉಳಿದ ಕಾರ್ಮಿಕರಿಗೂ ಆಡಳಿತಕ್ಕೂ ಮುಂದೆ ಏರ್ಪಟ್ಟ ಒಪ್ಪಂದದ ತಿರುಳು ಹೀಗಿತ್ತು: ಸಂಸ್ಥೆ ಕೆಲಸದ ಭದ್ರತೆಯನ್ನು ಕಾಯುವುದು, ಕಾರ್ಮಿಕರು ಕೆಲಸದ ರೀತಿಯನ್ನು ತಿದ್ದಲು ಬುದ್ಧಿಯನ್ನೂ ಕೊಡುವುದು. ಎಷ್ಟು ತಯಾರಿಸಬೇಕೆಂಬ ಲೆಕ್ಕ ತಪ್ಪಿದರೆ ಯಾರ ಅನ್ನ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಈ ಪದ್ಧತಿ ಬೆಳೆಯಿತೇ ಹೊರತು ಲೆಕ್ಕಪತ್ರದ ಕೋಣೆಯಲ್ಲಿ ಅಲ್ಲ.

ಅದನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ತಾಯಿಚಿ ಓನೊ. 1912ರಲ್ಲಿ ಹುಟ್ಟಿ, 1932ರಲ್ಲಿ ಟೊಯೊಡ ಮನೆತನದ ನೂಲಿನ ಗಿರಣಿಯನ್ನು ಸೇರಿ, 1943ರಲ್ಲಿ ಮೋಟಾರು ಸಂಸ್ಥೆಗೆ ಬಂದವರು. ಮಗ್ಗದ ಪಾಠವನ್ನು ಕಾರಿಗೆ ತಂದವರು ಅವರೇ. ಅವರ ಎದುರಿಗಿದ್ದ ಮಾದರಿ ಅಮೆರಿಕದ ಫೋರ್ಡ್ ಕಾರ್ಖಾನೆ. 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ ಫೋರ್ಡ್, ಒಂದೇ ಬಗೆಯ ವಸ್ತುವನ್ನು ಲಕ್ಷಗಟ್ಟಲೆ ತಯಾರಿಸಿದರೆ ಬೆಲೆ ಇಳಿಯುತ್ತದೆಂದು ತೋರಿಸಿದ್ದರು. ಹುಟ್ಟಿದಂದಿನಿಂದ 1950ರವರೆಗೆ ಟೊಯೋಟ ತಯಾರಿಸಿದ್ದ ಕಾರುಗಳು 2,685. ಫೋರ್ಡಿನ ರೂಜ್ ಕಾರ್ಖಾನೆ ಒಂದೇ ದಿನಕ್ಕೆ 7,000 ತಯಾರಿಸುತ್ತಿತ್ತೆಂದು ಅಮೆರಿಕದ ಎಂಐಟಿ ವಿದ್ವಾಂಸರು ಬರೆದಿದ್ದಾರೆ. ಇಷ್ಟು ಚಿಕ್ಕ ಮಾರುಕಟ್ಟೆಯಲ್ಲಿ ಫೋರ್ಡನ್ನು ಅನುಕರಿಸುವುದೆಂದರೆ ಮತ್ತೆ ಅಂಗಳ ತುಂಬಾ ವಾಹನ ನಿಲ್ಲಿಸಿದಂತೆಯೇ.

ಓನೊ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಹಿಂದಿನ ಹಂತ ತಯಾರಿಸಿ ಮುಂದಿನ ಹಂತಕ್ಕೆ ತಳ್ಳುವುದೇಕೆ? ಮುಂದಿನ ಹಂತವೇ ಬಂದು ತನಗೆ ಬೇಕಾದಷ್ಟನ್ನು ಕೊಂಡೊಯ್ಯಲಿ. ಒಯ್ದಷ್ಟನ್ನು ಮಾತ್ರ ಹಿಂದಿನ ಹಂತ ಮತ್ತೆ ತಯಾರಿಸಲಿ. ಇದಕ್ಕೆ ಅವರು ಅಮೆರಿಕದ ಸೂಪರ್‌ಮಾರ್ಕೆಟ್ಟನ್ನು ಹೋಲಿಕೆಯಾಗಿ ಕೊಡುತ್ತಾರೆ. ಅಲ್ಲಿ ಗಿರಾಕಿ ತೆಗೆದುಕೊಂಡು ಹೋದ ವಸ್ತುವಿನ ಜಾಗವಷ್ಟೆ ಮತ್ತೆ ತುಂಬುತ್ತದೆ. ಕಾರ್ಖಾನೆಯಲ್ಲಿ ಈ ಬೇಡಿಕೆಯನ್ನು ತಿಳಿಸಲು ಒಂದು ಚೀಟಿ. ಫಲಕ ಎಂಬರ್ಥದ ‘ಕಾನ್‌ಬಾನ್’ ಎಂಬುದು ಅದರ ಹೆಸರು. ಯಾವ ಭಾಗ, ಎಷ್ಟು, ಎಲ್ಲಿಗೆ ಎಂಬುದು ಅದರ ಮೇಲಿರುತ್ತದೆ. ಚೀಟಿಯಿಲ್ಲದೆ ಏನನ್ನೂ ತಯಾರಿಸುವಂತಿಲ್ಲ, ಏನನ್ನೂ ಸಾಗಿಸುವಂತಿಲ್ಲ. ಇಷ್ಟು ಸರಳವಾದ ಉಪಾಯ ಕಾರ್ಯಗತವಾಗಲು ವರ್ಷಗಳೇ ಹಿಡಿದವು. ಸಣ್ಣ ಪ್ರಮಾಣದಲ್ಲಿ ತಯಾರಿಸಬೇಕಾದರೆ ಯಂತ್ರದ ಅಚ್ಚನ್ನು ಮತ್ತೆ ಮತ್ತೆ ಬದಲಾಯಿಸಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕಾಗುತ್ತಿತ್ತು. ಆ ಅವಧಿ 1970ರ ದಶಕದ ಆರಂಭದ ಹೊತ್ತಿಗೆ ಮೂರು ನಿಮಿಷಕ್ಕೆ ಇಳಿಯಿತು.

ವ್ಯರ್ಥವನ್ನು ಓನೊ ಏಳು ಬಗೆಯಾಗಿ ವಿಂಗಡಿಸಿದರು. ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದು, ಕಾಯುವುದು, ಅನವಶ್ಯಕವಾಗಿ ಸಾಗಿಸುವುದು, ಅಗತ್ಯಕ್ಕೆ ಮೀರಿ ಸಂಸ್ಕರಿಸುವುದು, ದಾಸ್ತಾನು ಕೂಡಿಡುವುದು, ಸುಮ್ಮನೆ ಅತ್ತಿತ್ತ ಓಡಾಡುವುದು, ದೋಷವುಳ್ಳ ವಸ್ತುವನ್ನು ತಯಾರಿಸುವುದು. ಮೊದಲನೆಯದೇ ಎಲ್ಲಕ್ಕಿಂತ ಕೆಟ್ಟದ್ದೆಂದು ಅವರ ಮತ. ಹೆಚ್ಚು ತಯಾರಿಸಿದ್ದನ್ನು ಸಾಗಿಸಬೇಕು, ಕೂಡಿಡಬೇಕು, ಕಾಯಬೇಕು. ಅದರ ರಾಶಿಯ ಹಿಂದೆ ಉಳಿದ ತಪ್ಪುಗಳೆಲ್ಲ ಮರೆಯಾಗುತ್ತವೆ. ಇಲ್ಲಿ ಕನ್ನಡಿಗರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿದವಳು ಆಕೆ. ಅವಳ ದೃಷ್ಟಿ ಆಸೆಯ ನಿಗ್ರಹದ್ದು, ಓನೊ ಅವರ ದೃಷ್ಟಿ ವೆಚ್ಚದ್ದು. ಎರಡನ್ನೂ ಒಂದೆನ್ನುವುದು ಸರಿಯಲ್ಲ. ಆದರೂ ಹೆಚ್ಚಾದದ್ದು ಲಾಭವಲ್ಲ, ಹೊರೆ ಎಂಬ ತಿಳಿವು ಇಬ್ಬರಿಗೂ ಸಮಾನ.

ಸಕಿಚಿ ಅವರ ಮಗ್ಗ ಎಳೆ ಹರಿದಾಗ ತಾನೇ ನಿಂತಂತೆ, ಕಾರಿನ ಜೋಡಣಾ ಸಾಲಿನಲ್ಲಿ ತಪ್ಪು ಕಂಡ ಕಾರ್ಮಿಕ ಹಗ್ಗವನ್ನೆಳೆದು ಸಾಲನ್ನು ನಿಲ್ಲಿಸುವಂತಾಯಿತು. ಸಾಲು ನಿಂತರೆ ಸಂಸ್ಥೆಗೆ ಕ್ಷಣಕ್ಷಣಕ್ಕೂ ನಷ್ಟ. ಆ ನಷ್ಟವನ್ನು ಉಂಟುಮಾಡುವ ಅಧಿಕಾರವನ್ನು ಕೆಳಗಿನ ಕೆಲಸಗಾರನ ಕೈಗೆ ಕೊಡುವುದೆಂದರೆ ಅವನ ವಿವೇಕವನ್ನು ನಂಬಿದಂತೆ. ಈ ನಂಬಿಕೆಯ ಇನ್ನೊಂದು ಉದಾಹರಣೆ ಭಾಷೆಗೆ ಸಂಬಂಧಿಸಿದ್ದು. ಭಾಗಗಳನ್ನು ತಪ್ಪಾಗಿ ಜೋಡಿಸಲು ಆಗದಂತೆ ಮಾಡುವ ಸಣ್ಣ ಸಾಧನಗಳನ್ನು ಎಂಜಿನಿಯರ್ ಶಿಗೆಒ ಶಿಂಗೊ ಪ್ರಚಾರಕ್ಕೆ ತಂದರು. ಮೊದಲು ಅವಕ್ಕೆ ‘ಬಕಾ ಯೊಕೆ’, ಅಂದರೆ ದಡ್ಡರ ತಡೆ ಎಂಬ ಹೆಸರಿತ್ತು. ನಾನು ಅಷ್ಟು ದಡ್ಡಳೇ ಎಂದು ಕೆಲಸಗಾರ್ತಿಯೊಬ್ಬಳು ಅತ್ತಳೆಂದು ಶಿಂಗೊ ಬರೆದಿದ್ದಾರೆ. ಅಂದಿನಿಂದ ಅದು ‘ಪೊಕಾ ಯೊಕೆ’, ಕೈತಪ್ಪಿನ ತಡೆ, ಎಂದಾಯಿತು. ಒಂದು ಅಕ್ಷರ ಬದಲಾಗಿ ದೋಷ ಮನುಷ್ಯನಿಂದ ಕೆಲಸದ ಮೇಲಕ್ಕೆ ಸರಿಯಿತು.

1973ರ ತೈಲ ಬಿಕ್ಕಟ್ಟಿನಲ್ಲಿ ಜಪಾನಿನ ಉದ್ಯಮಗಳು ತತ್ತರಿಸಿದಾಗ ಟೊಯೋಟ ಉಳಿದವರಿಗಿಂತ ಬೇಗ ಚೇತರಿಸಿಕೊಂಡಿತು. ಆಗ ಎಲ್ಲರ ಕಣ್ಣೂ ಈ ಪದ್ಧತಿಯತ್ತ ತಿರುಗಿತು. ಓನೊ ತಮ್ಮ ಗ್ರಂಥವನ್ನು 1978ರಲ್ಲಿ ಪ್ರಕಟಿಸಿದರು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ಕ್ಯಾಲಿಫೋರ್ನಿಯಾದ ಫ್ರಿಮಾಂಟಿನಲ್ಲಿ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು ಟೊಯೋಟ 1984ರಲ್ಲಿ ಆ ಸಂಸ್ಥೆಯೊಡನೆ ಸೇರಿ ಮತ್ತೆ ತೆರೆಯಿತು. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಹಳೆಯ ಕಾರ್ಮಿಕರೇ ಬಹುಪಾಲು ಮರಳಿದರು. ಹೊಸ ರೀತಿಯ ಕೆಲಸದಲ್ಲಿ ಅವರೇ ಉತ್ತಮ ಕಾರುಗಳನ್ನು ತಯಾರಿಸಿದರು. 1988ರ ಸುಮಾರಿಗೆ ಮಾರಾಟ ಕುಸಿದಾಗ ಯಾರನ್ನೂ ಮನೆಗೆ ಕಳುಹಿಸದೆ, ಹೆಚ್ಚಾದವರನ್ನು ತರಬೇತಿಗೂ ಕೆಲಸದ ಸುಧಾರಣೆಗೂ ಹಚ್ಚಿದರು.

ಅಲ್ಲಿ ಎಂಜಿನಿಯರಾಗಿದ್ದು ಮುಂದೆ ಎಂಐಟಿಯಲ್ಲಿ ಸಂಶೋಧನೆ ನಡೆಸಿದ ಜಾನ್ ಕ್ರಾಫ್ಸಿಕ್ 1988ರ ಲೇಖನದಲ್ಲಿ ಈ ಪದ್ಧತಿಯನ್ನು ‘ಲೀನ್’ ಎಂದು ಕರೆದರು. ಅದಕ್ಕೆ ಮೊದಲು ಅವರು ಬಳಸಿದ್ದ ಪದ ಸುಲಭವಾಗಿ ಒಡೆಯುವಂಥದು ಎಂಬ ಅರ್ಥದ್ದು. ದಾಸ್ತಾನಿನ ಆಸರೆಯಿಲ್ಲದ ಕಾರ್ಖಾನೆ ಗಾಜಿನಂತೆ ಸೂಕ್ಷ್ಮವಾದದ್ದು. ಅಲ್ಲಿ ದುಡಿಯುವವರ ಎಚ್ಚರವೇ ಅದನ್ನು ಕಾಯುತ್ತದೆ ಎಂಬ ಭಾವ ಅದರಲ್ಲಿತ್ತು. ಆ ಪದ ಹೋಗಿ ಈ ಪದ ಬಂದಾಗ ಅರ್ಥದ ಒಂದಂಶವೂ ಜಾರಿಹೋಯಿತು. 1990ರಲ್ಲಿ ಎಂಐಟಿಯ ಜೇಮ್ಸ್ ವೋಮ್ಯಾಕ್ ಮತ್ತು ಸಂಗಡಿಗರ ಗ್ರಂಥ ಈ ಹೆಸರನ್ನು ಲೋಕಕ್ಕೆಲ್ಲ ಹರಡಿತು. ಕೊಬ್ಬನ್ನು ಕರಗಿಸುವುದೆಂಬ ರೂಪಕ ಬಹಳ ಅನುಕೂಲವಾದದ್ದು. ಹಲವು ಸಂಸ್ಥೆಗಳು ಕೊಬ್ಬೆಂದರೆ ಆಳುಗಳು ಎಂದೇ ತಿಳಿದು, ಒಬ್ಬನನ್ನು ತೆಗೆದು ಅವನ ಕೆಲಸವನ್ನು ಪಕ್ಕದವನ ಹೆಗಲಿಗೆ ಹಾಕಿ, ಅದನ್ನೇ ಲೀನ್ ಎಂದವು. ಮುದವನ್ನು ಕಳೆಯುವ ಹೆಸರಿನಲ್ಲಿ ಮುರಿಯನ್ನು ಹೇರಿದಂತಾಯಿತು.

ಹಾಗೆಂದು ತಪ್ಪೆಲ್ಲ ಅನುಕರಿಸಿದವರದೇ, ಮೂಲ ನಿರ್ಮಲವಾದದ್ದು ಎಂದರೆ ಚರಿತ್ರೆಗೆ ಅಪಚಾರ. ಪತ್ರಕರ್ತ ಸತೋಶಿ ಕಮಾತ ಅವರು 1972ರಲ್ಲಿ ಟೊಯೋಟದಲ್ಲಿ ಹಂಗಾಮಿ ಕೆಲಸಗಾರರಾಗಿ ಸೇರಿ, ಸಾಲಿನ ವೇಗದಲ್ಲಿ ದೇಹ ಪಡುವ ದಣಿವನ್ನು ದಿನಚರಿಯ ರೂಪದಲ್ಲಿ ಬರೆದು 1973ರಲ್ಲಿ ಪ್ರಕಟಿಸಿದರು. 2002ರಲ್ಲಿ ಅದೇ ಸಂಸ್ಥೆಯ 30 ವರ್ಷದ ನೌಕರರೊಬ್ಬರು ಕೆಲಸದ ಸ್ಥಳದಲ್ಲಿಯೇ ಕುಸಿದು ತೀರಿಕೊಂಡರು. ಅದು ಅತಿಶ್ರಮದ ಸಾವೆಂದು ಅವರ ಪತ್ನಿ ನ್ಯಾಯಾಲಯಕ್ಕೆ ಹೋದರು. ಗುಣಮಟ್ಟದ ಸುಧಾರಣೆಗಾಗಿ ಕೆಲಸದ ಹೊತ್ತು ಮುಗಿದ ಮೇಲೆ ನಡೆಯುವ ಕೂಟಗಳು ಸ್ವಂತ ಇಚ್ಛೆಯವೋ ದುಡಿಮೆಯೋ ಎಂಬುದು ಅಲ್ಲಿ ಮುಖ್ಯ ಪ್ರಶ್ನೆಯಾಯಿತು. ಅದೂ ದುಡಿಮೆಯೇ ಎಂದು ನಗೋಯ ಜಿಲ್ಲಾ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಮರುವರ್ಷ ಸಂಸ್ಥೆ ಆ ಹೊತ್ತಿಗೂ ಸಂಬಳ ಕೊಡುವ ಕ್ರಮಕ್ಕೆ ಬಂದಿತು. ಸೆಕೆಂಡುಗಳನ್ನು ಎಣಿಸಿ ಪೋಲನ್ನು ಕಂಡುಹಿಡಿಯುತ್ತಿದ್ದ ಪದ್ಧತಿ, ತನ್ನವನೊಬ್ಬನ ಎಷ್ಟು ಗಂಟೆಗಳು ಲೆಕ್ಕಕ್ಕೆ ಬಾರದೆ ಕಳೆದವೆಂಬುದನ್ನು ನ್ಯಾಯಾಲಯದಿಂದ ತಿಳಿಯಬೇಕಾಯಿತು.

ದಾಸ್ತಾನಿನ ವಿಷಯದಲ್ಲಿಯೂ ಅನುಭವ ಪಾಠ ಕಲಿಸಿತು. 1997ರ ಫೆಬ್ರುವರಿ 1ರಂದು ಕರಿಯ ಪಟ್ಟಣದ ಐಸಿನ್ ಕಾರ್ಖಾನೆಗೆ ಬೆಂಕಿ ಬಿದ್ದು, ಬ್ರೇಕಿಗೆ ಬೇಕಾದ ಸಣ್ಣ ಕವಾಟವೊಂದರ ಪೂರೈಕೆ ನಿಂತಿತು. ಟೊಯೋಟದ ಬಳಿ ಅದರ ಸಂಗ್ರಹ ಅತ್ಯಲ್ಪ. ಜಪಾನಿನ ಅದರ ಕಾರ್ಖಾನೆಗಳು ಬಹುಮಟ್ಟಿಗೆ ಸ್ತಬ್ಧವಾದವು. ಆದರೆ ಹೊಲಿಗೆಯಂತ್ರಕ್ಕೆ ಹೆಸರಾದ ಬ್ರದರ್ ಸಂಸ್ಥೆಯೂ ಸೇರಿ ಹತ್ತಾರು ಕಡೆ ಆ ಕವಾಟವನ್ನು ತಯಾರಿಸತೊಡಗಿ, ಕೆಲವೇ ದಿನಗಳಲ್ಲಿ ಸಾಲುಗಳು ಮತ್ತೆ ಚಲಿಸಿದವು. 2011ರ ಭೂಕಂಪದ ಬಳಿಕ ಟೊಯೋಟ ಕೆಲವು ಭಾಗಗಳನ್ನು, ಮುಖ್ಯವಾಗಿ ವಿದ್ಯುನ್ಮಾನ ಚಿಪ್ಪುಗಳನ್ನು, ತಿಂಗಳುಗಟ್ಟಲೆಗೆ ಆಗುವಷ್ಟು ಕೂಡಿಡುವಂತೆ ತನ್ನ ಪೂರೈಕೆದಾರರಿಗೆ ಹೇಳಿತು. ಕೂಡಿಟ್ಟದ್ದೆಲ್ಲ ಪೋಲಲ್ಲ, ಮಳೆಗಾಲಕ್ಕೆ ಮುನ್ನ ಸೌದೆ ಒಟ್ಟಿದವಳನ್ನು ಯಾರೂ ದುಂದುಗಾರ್ತಿ ಎನ್ನುವುದಿಲ್ಲ.

ಈ ಚರಿತ್ರೆ ನಮ್ಮ ನಾಡಿಗೂ ಬಂದಿದೆ. ಕಿರ್ಲೋಸ್ಕರ್ ಸಮೂಹದೊಡನೆ ಸೇರಿ 1997ರಲ್ಲಿ ಸ್ಥಾಪಿತವಾದ ಟೊಯೋಟ ಕಿರ್ಲೋಸ್ಕರ್ ಮೋಟಾರು ಸಂಸ್ಥೆಯ ಬಿಡದಿಯ ಕಾರ್ಖಾನೆಯಿಂದ 1999ರ ಕೊನೆಗೆ ಮೊದಲ ವಾಹನ ಹೊರಬಂದಿತು. ಹಳ್ಳಿಯ ಹುಡುಗರಿಗೆ ಯಂತ್ರವಿದ್ಯೆಯನ್ನು ಕಲಿಸುವ ಸಂಸ್ಥೆಯೊಂದನ್ನು ಅಲ್ಲಿಯೇ 2007ರಲ್ಲಿ ತೆರೆದರು. ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ವಿವಾದವೆದ್ದು ಕಾರ್ಖಾನೆ ಬೀಗಮುದ್ರೆಗೆ ಒಳಗಾಯಿತು. ಕಾರ್ಮಿಕರ ಹೋರಾಟ ತಿಂಗಳುಗಟ್ಟಲೆ ನಡೆಯಿತು. ಕೆಲಸದ ಹೊರೆ ಮಿತಿ ಮೀರಿದೆಯೆಂಬುದು ಸಂಘದ ದೂರು. ಕಾರ್ಮಿಕರ ಧರಣಿ ಕಾನೂನುಬಾಹಿರವೆಂಬುದು ಆಡಳಿತದ ವಾದ. ಯಾರ ಪಕ್ಷ ಸರಿಯೆಂದು ತೀರ್ಮಾನಿಸಲು ನಾನು ಇಲ್ಲಿ ಕುಳಿತಿಲ್ಲ. ಆದರೆ ಆ ದೂರಿನಲ್ಲಿದ್ದ ಮಾತು ಈ ಪದ್ಧತಿಗೆ ಹೊರಗಿನದಲ್ಲ. ಅದರ ಮೂರು ಮಾತುಗಳಲ್ಲಿ ಮೂರನೆಯದೇ ಅದು. ಮೂವರಲ್ಲಿ ಒಬ್ಬರನ್ನು ತೆಗೆದು ಕೆಲಸವನ್ನು ಇಬ್ಬರ ಮೇಲೆ ಹಾಕಿದರೆ ವೆಚ್ಚ ತಗ್ಗುವುದು ನಿಜ. ಇಬ್ಬರಿಗೆ ಸಾಕಾಗುವಂತೆ ಕೆಲಸವನ್ನೇ ಹಗುರಗೊಳಿಸಿ ಮೂರನೆಯವರಿಗೆ ಬೇರೆ ಉಪಯುಕ್ತ ಕೆಲಸ ಕೊಟ್ಟರೆ ಮಾತ್ರ ವ್ಯರ್ಥ ತಗ್ಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮೊದಲ ತಿಂಗಳು ಈ ಎರಡಕ್ಕೂ ವ್ಯತ್ಯಾಸ ಕಾಣದಿರಬಹುದು. ಮನುಷ್ಯರ ಮೈಯಲ್ಲಿ ಕಾಣುತ್ತದೆ.

ಕೊನೆಯದಾಗಿ ನಮ್ಮ ಕಚೇರಿಗಳ ಕಡೆ ಒಮ್ಮೆ ನೋಡಬಹುದು. ಒಂದು ಪಹಣಿಗಾಗಿ, ಒಂದು ಪಿಂಚಣಿಯ ಸಹಿಗಾಗಿ, ಆಸ್ಪತ್ರೆಯ ಒಂದು ಚೀಟಿಗಾಗಿ ಸಾಲಿನಲ್ಲಿ ನಿಂತವರ ಹೊತ್ತು ಯಾವ ಇಲಾಖೆಯ ವೆಚ್ಚದಲ್ಲಿಯೂ ಸೇರುವುದಿಲ್ಲ. ದಿನಗೂಲಿ ಬಿಟ್ಟು ಬಂದ ಹೆಂಗಸಿಗೆ ಅದು ಅಂದಿನ ಕೂಲಿ. ಓನೊ ಅವರ ಏಳು ವ್ಯರ್ಥಗಳಲ್ಲಿ ಕಾಯುವುದೂ ಒಂದು. ಅದೇ ಕಿಟಕಿಯ ಆಚೆ, ಖಾಲಿ ಹುದ್ದೆಗಳು ತುಂಬದೆ ಮೂವರ ಕಡತಗಳನ್ನು ಹೊತ್ತು ಕುಳಿತ ಗುಮಾಸ್ತರಿರಬಹುದು, ಅದು ಮುರಿ. ತಿಂಗಳ ಕೊನೆಗೆ ಒಮ್ಮೆಲೇ ನುಗ್ಗಿ ಬಂದು ನಡುವೆ ಬರಿದಾಗಿ ಉಳಿಯುವ ಕೆಲಸವಿರಬಹುದು, ಅದು ಮುರ. ಈ ಎರಡನ್ನೂ ಕಾಣದೆ ಸಾಲೇಕೆ ಕರಗಲಿಲ್ಲವೆಂದು ಗುಮಾಸ್ತರನ್ನು ಗದರಿಸಿದರೆ ಸಾಲು ಕರಗುವುದಿಲ್ಲ. ಸುಧಾರಣೆಯ ಹೆಸರು ಹೇಳಿ ನಮ್ಮ ಸಂಸ್ಥೆಗಳಿಗೆ ಬರುವವರನ್ನು ಮೂರು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಯಾವ ಪೋಲನ್ನು ಕಳೆಯುತ್ತೀರಿ? ಯಾವ ಏರುಪೇರನ್ನು ಸಮಗೊಳಿಸುತ್ತೀರಿ? ಯಾರ ಹೆಗಲಿನ ಭಾರವನ್ನು ಇಳಿಸುತ್ತೀರಿ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಮೊದಲಿನ ಎರಡು ಉತ್ತರಗಳನ್ನು ಇನ್ನೊಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.